ಹೊಯ್ಸಳರ ದಾಯಾದಿ ಕಲಹ: ಹಾಸನದಲ್ಲಿ ಒಂದು ಶನಿವಾರ, ಒಂದು ಭಾನುವಾರ

1254ರ ಸುಮಾರಿಗೆ ಸೋಮೇಶ್ವರ ಹೊಯ್ಸಳ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ. ಮೂರನೇ ನರಸಿಂಹನಿಗೆ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು. ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣಾನೂರು. 1279ರ ಹೊತ್ತಿಗೆ ಪಾಂಡ್ಯರು ಕಣ್ಣಾನೂರನ್ನು ಕಿತ್ತುಕೊಂಡರು. ನೆಲೆ ತಪ್ಪಿದ ರಾಮನಾಥ ಕುಂದಾಣಿಗೆ ಬಂದು, ಕೋಲಾರ–ಬೆಂಗಳೂರು ಕಡೆಯ ಸೀಮೆಗೆ ಕೈ ಹಾಕಿದ. ಮುಂದಿನ ಹತ್ತು–ಹನ್ನೆರಡು ವರ್ಷ ಒಡಹುಟ್ಟಿದವರ ಹೊಡೆದಾಟ. ರಾಜ್ಯ ಮತ್ತೆ ಒಂದಾಗಿದ್ದು ನರಸಿಂಹನ ಮಗ ಮುಮ್ಮಡಿ ಬಲ್ಲಾಳನ ಕಾಲದಲ್ಲಿ, 1300ರ ಆಸುಪಾಸು. ಇನ್ನೊಂದು ಹತ್ತು ವರ್ಷಕ್ಕೆ, 1311ರಲ್ಲಿ, ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದೋರಸಮುದ್ರದ ಬಾಗಿಲಲ್ಲಿದ್ದ.

ಈ ಕಲಹದ ಮೇಲೆ ವಾರಾಂತ್ಯದ ಕೂಟ ಮಾಡುವವರು ಸಾಮಾನ್ಯವಾಗಿ ಭಾಷಣ ಇಡುತ್ತಾರೆ. ಬೇಡ. ಭಾಷಣ ಕೇಳಿದವರು ಊಟ ಮುಗಿಸಿ ಹೊರಡುತ್ತಾರೆ, ಶಾಸನ ಓದಲು ಕೂತವರು ಕತ್ತಲಾದರೂ ಏಳುವುದಿಲ್ಲ. ಶನಿವಾರ ಹಾಸನದಲ್ಲಿ ಒಂದು ಕೋಣೆ, ಭಾನುವಾರ ಬಯಲು. ಹನ್ನೆರಡು ಜನ ಸಾಕು: ಮೂವರಂತೆ ನಾಲ್ಕು ತಂಡ, ಎಲ್ಲರಿಗೂ ಸೇರಿ ಒಂದೇ ಟೆಂಪೋ ಟ್ರಾವೆಲರ್.

ಮೇಜಿನ ಮೇಲೆ ಬೇಕಾದ್ದು ನಕ್ಷೆ: ಯಾವ ಊರಲ್ಲಿ ಯಾರ ಶಾಸನವಿದೆಯೋ ಅಲ್ಲಿ ಅವರ ಬಣ್ಣದ ಗುಂಡುಪಿನ್ನು ಚುಚ್ಚಲು. 1 ಸೆಂ.ಮೀ.ಗೆ 5 ಕಿ.ಮೀ. ಲೆಕ್ಕದಲ್ಲಿ ಮುದ್ರಿಸಿದರೆ ಹಳೇಬೀಡಿನಿಂದ ಕಣ್ಣಾನೂರಿನವರೆಗೆ ಸುಮಾರು 80 ಸೆಂ.ಮೀ. ಬರುತ್ತದೆ, ಮೀಟರ್ ಹಾಳೆಯಲ್ಲಿ ಹಿಡಿಯುತ್ತದೆ. ಪಕ್ಕದಲ್ಲಿ ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ (5), ಕಡೂರು (6), ಬೆಂಗಳೂರು (9), ಕೋಲಾರ (10). ಇವು ಮೊದಲು ಸಂಪಾದಿಸಿದ ಬಿ.ಎಲ್. ರೈಸ್ ಕಾಲದ ಸಂಖ್ಯೆಗಳು. ಪರಿಷ್ಕೃತ ಆವೃತ್ತಿಯಲ್ಲಿ ಅದೇ ಕಲ್ಲಿಗೆ ಬೇರೆ ಸಂಖ್ಯೆ, ಆದ್ದರಿಂದ ಪ್ರತಿ ಶಾಸನಕ್ಕೆ ಬರೆದಿಡುವ ಚೀಟಿಯಲ್ಲಿ ಊರು, ತಾಲ್ಲೂಕು, ಯಾವ ಆವೃತ್ತಿ ಎಂಬ ಮೂರನ್ನೂ ಬರೆಯಲೇಬೇಕು. ಇಲ್ಲದಿದ್ದರೆ ಒಂದೇ ಕಲ್ಲಿಗೆ ಎರಡು ಗುಂಡುಪಿನ್ನು ಬೀಳುತ್ತವೆ. ನರಸಿಂಹನಿಗೆ ಕೆಂಪು ಪಿನ್ನು, ರಾಮನಾಥನಿಗೆ ನೀಲಿ. ಕೋಲಾರದ ಕಡೆ ರಾಮನಾಥನ ಶಾಸನಗಳಲ್ಲಿ ಹೆಚ್ಚಿನವು ತಮಿಳಿನಲ್ಲಿವೆ, ತಮಿಳು ಓದಬಲ್ಲವರು ಒಬ್ಬರಾದರೂ ಇರಲಿ.

ತಂಡದಲ್ಲಿ ಒಬ್ಬರು ಓದುವುದು, ಒಬ್ಬರು ತೇದಿ ತಾಳೆ ನೋಡುವುದು, ಒಬ್ಬರು ಪಿನ್ನು ಚುಚ್ಚುವುದು. ಎಡವಟ್ಟಾಗುವುದೆಲ್ಲ ನಡುವಿನವರ ಹತ್ತಿರ.

ತೇದಿಯ ಲೆಕ್ಕ ಹೀಗೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ವರ್ಷ ಶುರುವಾಗುವುದು ಯುಗಾದಿಗೆ, ಹಾಗಾಗಿ ಮಾಘ, ಫಾಲ್ಗುಣದ ತೇದಿಗೆ 79 ಕೂಡಿಸಬೇಕು. ಪುಷ್ಯವಾದರೆ ತಿಥಿ ನೋಡಿ ತೀರ್ಮಾನ. ಸಂವತ್ಸರದ ತಾಳೆಗೆ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. ಶಕ 1198 ತೆಗೆದುಕೊಳ್ಳಿ: 1210ನ್ನು 60ರಿಂದ ಭಾಗಿಸಿದರೆ ಶೇಷ 10, ಅಂದರೆ ಧಾತು. ಕಲ್ಲಿನಲ್ಲಿ 1199 ಎಂದಿದ್ದು ಸಂವತ್ಸರ ಮಾತ್ರ ಧಾತು ಎಂದಿದ್ದರೆ ಗಾಬರಿ ಬೇಡ, ಬರೆಸಿದವರು ಮುಗಿದ ವರ್ಷಗಳನ್ನಷ್ಟೇ ಎಣಿಸುವ ಬದಲು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿದ್ದಾರೆ. ಒಂದು ಕಳೆದರೆ ಸರಿಹೋಗುತ್ತದೆ. ರಾಮನಾಥನ ಕಡೆಯವರು ಆಳ್ವಿಕೆಯ ಇಷ್ಟನೇ ವರ್ಷ ಎಂದೂ ಬರೆಸುತ್ತಾರೆ. ಅಲ್ಲಿ ಒಂದು ವರ್ಷದ ಏರುಪೇರನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ನಿಜವಾದ ಹೊಂಡ ಬೇರೆಯೇ ಇದೆ. ‘ಶ್ರೀ ವೀರ ನಾರಸಿಂಹ’ ಎಂದು ಓದಿದ ಮಾತ್ರಕ್ಕೆ ಕೆಂಪು ಪಿನ್ನು ಚುಚ್ಚುವಂತಿಲ್ಲ, ಈ ಹೆಸರಿನವರು ಮೂವರು. ಎರಡನೇ ನರಸಿಂಹ ಆಳಿದ್ದು 1220ರಿಂದ 1235, ಮೂರನೆಯವನು ಆಳಿದ್ದು 1291ರವರೆಗೆ. ಸಂವತ್ಸರದ ಚಕ್ರ ಅರವತ್ತು ವರ್ಷದ್ದು. ಅಂದಮೇಲೆ 1220–31ರ ಸಂವತ್ಸರಗಳೇ 1280–91ರಲ್ಲಿ ಮರಳಿ ಬರುತ್ತವೆ: 1231ಕ್ಕೂ ಖರ, 1291ಕ್ಕೂ ಖರ. ಶಕವರ್ಷದ ಅಂಕಿ ಸವೆದು ಸಂವತ್ಸರ ಮಾತ್ರ ಉಳಿದಿದ್ದರೆ ಅಜ್ಜನ ಕಲ್ಲು ಮೊಮ್ಮಗನ ಯುದ್ಧಕ್ಕೆ ಬಂದು ಕೂರುತ್ತದೆ, ಅದೂ ಸರಿಯಾಗಿ ಕಲಹ ಜೋರಾಗಿದ್ದ ವರ್ಷಗಳಿಗೆ! ಬಿಡಿಸಿಕೊಳ್ಳಲು ದಾರಿ ಅಧಿಕಾರಿಗಳ ಹೆಸರು. ಹರಿಹರದ ದೇವಾಲಯ ಕಟ್ಟಿಸಿದ ಪೋಲಾಳ್ವ ದಂಡನಾಯಕ ಕಂಡರೆ ಎರಡನೆಯವನ ಕಾಲ. ಪೆರುಮಾಳೆ ದಂಡನಾಯಕ ಕಂಡರೆ ಮೂರನೆಯವನದು. ಯಾರೂ ಸಿಗದಿದ್ದರೆ ಬಿಳಿ ಪಿನ್ನು. ಬಿಳಿ ಪಿನ್ನೇ ಇಲ್ಲದ ನಕ್ಷೆಯನ್ನು ನಂಬಬೇಡಿ.

ಭಾನುವಾರ ಬೆಳಿಗ್ಗೆ ಆರೂವರೆಗೆ ಹಾಸನ ಬಿಟ್ಟರೆ ಹಳೇಬೀಡು ಸುಮಾರು 30 ಕಿ.ಮೀ., ಜನ ಸೇರುವ ಮೊದಲೇ ತಲುಪಬಹುದು. ಗುಡಿಯ ಶಿಲ್ಪ ನೋಡುತ್ತ ನಿಂತರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಈ ಕೂಟಕ್ಕೆ ಬೇಕಾದ್ದು ಊರಿನ ಸುತ್ತ ಅಲ್ಲಲ್ಲಿ ಉಳಿದಿರುವ ಕೋಟೆ ಗೋಡೆ. ಅಲ್ಲಿಂದ ಬೆಳವಾಡಿ ಸುಮಾರು 10 ಕಿ.ಮೀ. 1276ರಲ್ಲಿ ದೇವಗಿರಿಯ ಸೇವುಣರ ದಂಡನಾಯಕ ಸಾಳುವ ತಿಕ್ಕಮ ದೋರಸಮುದ್ರದ ಮೇಲೆ ಏರಿಬಂದಾಗ ನರಸಿಂಹನ ಕಡೆಯವರು ಹಿಮ್ಮೆಟ್ಟಿಸಿದ ಜಾಗ. ಇದು ಒಡಹುಟ್ಟಿದವರ ಯುದ್ಧವಲ್ಲ, ಹೊರಗಿನವರದ್ದು. ಬಸ್ಸಿನಲ್ಲೇ ಇದನ್ನು ಹೇಳಿಬಿಡಿ, ಇಲ್ಲವೆಂದರೆ ವಾಪಸ್ ಬರುವಷ್ಟರಲ್ಲಿ ಎರಡೂ ಕಲಸಿಹೋಗಿರುತ್ತವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ತಳದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಅಕ್ಷರ ಇರುವುದು ನಡುವಿನ ಪಟ್ಟಿಗಳಲ್ಲಿ. ಕಂಡ ವೀರಗಲ್ಲನ್ನೆಲ್ಲ ರಾಜರ ಯುದ್ಧಕ್ಕೆ ಗಂಟು ಹಾಕುವ ಚಟ ನಮ್ಮವರಿಗಿದೆ. ತುರುಗೋಳಲ್ಲಿ (ದನ ಅಪಹರಿಸುವ ಕಾಳಗ), ಊರ ಗಡಿ ಜಗಳದಲ್ಲಿ ಸತ್ತವರ ಕಲ್ಲುಗಳು ಎಷ್ಟೋ. ಕೆಳಗಿನ ಹಂತದಲ್ಲಿ ದನಗಳನ್ನು ಕೆತ್ತಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಸವೆದ ಅಕ್ಷರ ಓದಲು ಬೆಳಕು ಕಲ್ಲಿನ ಮೈಗೆ ಓರೆಯಾಗಿ ಬೀಳಬೇಕು. ಬೆಳಗಿನ ಬಿಸಿಲು ಯಾವಾಗಲೂ ಒಳ್ಳೆಯದು ಎಂಬುದು ಸುಳ್ಳು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಏಳು ಗಂಟೆಯ ಬಿಸಿಲು ನೇರ ಹೊಡೆದು ಅಕ್ಷರ ಚಪ್ಪಟೆಯಾಗುತ್ತದೆ, ಹನ್ನೊಂದೂವರೆ ಹೊತ್ತಿಗೆ ಅದೇ ಕಲ್ಲು ಮಾತಾಡುತ್ತದೆ. ಉತ್ತರಕ್ಕೆ ಮುಖವಿದ್ದರೆ ನಮ್ಮ ಕಡೆ ಚಳಿಗಾಲದಲ್ಲಿ ಬಿಸಿಲೇ ಬೀಳದು. ಆಗ ಕಪ್ಪು ಕೊಡೆ ಹಿಡಿದು ನೆರಳು ಮಾಡಿ, ಟಾರ್ಚನ್ನು ಕಲ್ಲಿಗೆ ತಾಗುವಷ್ಟು ವಾರೆಯಾಗಿ ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬಿಟ್ಟು ಎರಡು ಫೋಟೊ ತೆಗೆಯಿರಿ. ಒಂದರಲ್ಲಿ ‘ಪ’ ಕಂಡದ್ದು ಇನ್ನೊಂದರಲ್ಲಿ ‘ವ’ ಆಗುವುದುಂಟು. ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಸಲ್ಲದು. ಸೀಮೆಸುಣ್ಣ ಗುಂಡಿಗಳಲ್ಲಿ ಕೂತು ಮುಂದೆ ಓದುವವರನ್ನು ದಾರಿ ತಪ್ಪಿಸುತ್ತದೆ, ತಂತಿ ಅಕ್ಷರವನ್ನೇ ತಿನ್ನುತ್ತದೆ. ಕಾಗದದ ಅಚ್ಚು ತೆಗೆಯುವ ಆಸೆಯಿದ್ದರೆ ಸಂರಕ್ಷಿತ ಸ್ಮಾರಕದಲ್ಲಿ ಪುರಾತತ್ವ ಇಲಾಖೆಯ ಒಪ್ಪಿಗೆ ಮೊದಲೇ ಪಡೆದಿರಬೇಕು. ಊರವರ ಕಲ್ಲಾದರೆ ಊರವರನ್ನು ಕೇಳಿ. ಪೂಜೆ ನಡೆಯುವ ಕಲ್ಲಿಗೆ ಕೈ ಹಾಕಬೇಡಿ, ಫೋಟೊ ಸಾಕು.