ರಿಪೋರ್ಟ್ ಬರುವ ತನಕ ಕಾಯಬೇಕಾ?

ಸಕಲೇಶಪುರದ ನಮ್ಮ ಅತ್ತೆಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು: "ಬೀಡಿ ಇಲ್ಲ, ಸಿಗರೇಟು ಇಲ್ಲ, ಇವರಿಗೆ ಹೇಗೆ ಬಂತು?" ಹಾಸನದ ಡಾಕ್ಟರು ಹಿಡಿದುಕೊಂಡಿದ್ದೂ ಅದೇ ಎಳೆಯನ್ನ. ಸಿಗರೇಟು ಮುಟ್ಟದವರಿಗೆ ಬರುವ ಅಡಿನೊಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ, ಇಜಿಎಫ್‌ಆರ್ ಎಂಬ ಜೀನ್ ಬದಲಾಗಿರುವುದು ಜಾಸ್ತಿಯಂತೆ. ಗಡ್ಡೆಯ ಡಿಎನ್‌ಎ ನೋಡಿಯೇ ಔಷಧಿ ಶುರು ಮಾಡೋಣ ಅಂದರು.

ಭಾವನಿಗೆ ಸಿಟ್ಟು ಬಂತು. "ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ, ಇನ್ನೆಂಥ ಟೆಸ್ಟು? ಸುಮ್ನೆ ಕೀಮೋ ಕೊಡಿ." ಅವರ ಆತಂಕ ಸಹಜವೇ. ಅಮ್ಮ ಕೆಮ್ಮುತ್ತಿರುವಾಗ ದಿನ ಎಣಿಸುತ್ತ ಕೂರುವುದು ಸುಲಭ ಅಲ್ಲ.

ಬಯಾಪ್ಸಿಯ ಬ್ಲಾಕನ್ನು, ಅಂದರೆ ಸೂಜಿ ಚುಚ್ಚಿ ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿದ್ದನ್ನು, ಬೆಂಗಳೂರಿನ ಲ್ಯಾಬಿಗೆ ಒಯ್ದವನು ನಾನು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕ. ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಎರಡು ಸಣ್ಣ ಕಂದು ಎಳೆ. ಅಂಚಿನಲ್ಲಿ ಒಂದು ನಂಬರು. ಲ್ಯಾಬಿನವರು ಅದನ್ನು ತೆಳ್ಳಗೆ ಸೀಳಿ, ಗಡ್ಡೆಯ ಕೋಶ ಇರುವ ಜಾಗವನ್ನು ಮಾತ್ರ ಗುರುತು ಮಾಡಿ, ಅಲ್ಲಿಂದ ಡಿಎನ್‌ಎ ತೆಗೆಯುತ್ತಾರೆ.

ಹೊರಡುವ ಮೊದಲು ಅತ್ತೆ ಕೇಳಿದ್ದರು, "ಬಾಳೆಹೊನ್ನೂರಿಗೆ ತೋಟದ ಮಣ್ಣು ಟೆಸ್ಟಿಗೆ ಕಳಿಸ್ತೀವಲ್ಲ, ಹಾಗೇನೋ?" ಹೆಚ್ಚುಕಡಿಮೆ ಹಾಗೇ. ಯಾವ ಗೊಬ್ಬರ ಹಿಡಿಯುತ್ತೆ, ಯಾವುದು ದಂಡ ಅಂತ ಮೊದಲೇ ತಿಳಿಯೋದು.

ದಂಡ ಅನ್ನೋದೇ ಇಲ್ಲಿ ದೊಡ್ಡ ವಿಷಯ. ಪೂರ್ವ ಏಷ್ಯಾದ ರೋಗಿಗಳ ಮೇಲೆ ನಡೆದ ಐಪಾಸ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಇಜಿಎಫ್‌ಆರ್‌ನ ಕೆಲಸ ತಡೆಯುವ ಜಿಫಿಟಿನಿಬ್ ಮಾತ್ರೆ ತೆಗೆದುಕೊಂಡವರಲ್ಲಿ ಈ ಜೀನ್ ಬದಲಾಗಿದ್ದ ಶೇ. 71 ಮಂದಿಗೆ ಗಡ್ಡೆ ಕುಗ್ಗಿತು. ಬದಲಾಗದವರಲ್ಲಿ? ಶೇ. 1ರಷ್ಟು. ಅವರಿಗೆ ಕೀಮೋನೇ ವಾಸಿ. ಅದೇ ಮಾತ್ರೆ, ಅದೇ ಹೆಸರಿನ ಕಾಯಿಲೆ! ಈ ಅಂಕಿ ತೋರಿಸಿದ ಮೇಲೆ ಭಾವ ವಾದ ಮಾಡಲಿಲ್ಲ.

ಅತ್ತೆಯ ರಿಪೋರ್ಟಿನಲ್ಲಿ ಎಕ್ಸಾನ್ 19 ಡಿಲೀಷನ್ ಅಂತ ಬಂತು, ಅಂದರೆ ಇಜಿಎಫ್‌ಆರ್ ಜೀನ್‌ನ ಒಂದು ಚೂರು ಬಿಟ್ಟುಹೋಗಿದೆ. ಮಗಳು ಹೆದರಿ, ತನಗೂ ಬರುತ್ತಾ ಅಂತ ಕೇಳಿದಳು. ಇದು ಗಡ್ಡೆಯಲ್ಲಿ ಆಮೇಲೆ ಆದ ಬದಲಾವಣೆ, ಹುಟ್ಟಿನಿಂದ ಬಂದದ್ದಲ್ಲ ಅಂದರು ಡಾಕ್ಟರು. ಒಸಿಮರ್ಟಿನಿಬ್ ಎಂಬ ಇದೇ ಜಾತಿಯ ಹೊಸ ಮಾತ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಅದರ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಜಿಫಿಟಿನಿಬ್, ದಿನಕ್ಕೊಂದು. ಮುಖದ ಮೇಲೆ ಮೊಡವೆ ಎದ್ದಾಗ "ಈ ವಯಸ್ಸಲ್ಲಿ!" ಅಂತ ಅತ್ತೆ ಗೊಣಗಿದರು. ಚರ್ಮದಲ್ಲೂ ಇಜಿಎಫ್‌ಆರ್ ಕೆಲಸ ಮಾಡುತ್ತಿರುವುದರಿಂದ ಮಾತ್ರೆ ಅಲ್ಲೂ ತಾಗುತ್ತೆ. ಮುಂದಿನ ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿತ್ತು.

ಇದು ಶಾಶ್ವತ ಅಲ್ಲ, ನಮಗೂ ಗೊತ್ತು. ತೋಟದ ಮಣ್ಣು ಇಷ್ಟು ಬೇಗ ಬದಲಾಗಲ್ಲ, ಗಡ್ಡೆ ಬದಲಾಗುತ್ತೆ. ಇಂಥ ಮಾತ್ರೆ ಕೈಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಟಿ790ಎಂ ಎಂಬ ಹೊಸ ಬದಲಾವಣೆ ಕಾಣುತ್ತೆ. ಆಗ ಮತ್ತೆ ಟೆಸ್ಟು. ಅದನ್ನು ಕೆಲವೊಮ್ಮೆ ರಕ್ತದಲ್ಲೇ ನೋಡಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಬಯಾಪ್ಸಿ ಆಗುವುದಿದ್ದರೆ, ತೆಗೆಯುವ ತುಣುಕು ಡಿಎನ್‌ಎ ಟೆಸ್ಟಿಗೂ ಸಾಲುತ್ತಾ ಅಂತ ಮೊದಲೇ ಕೇಳಿಡಿ. ಸಾಲದಿದ್ದರೆ ಮತ್ತೆ ಸೂಜಿ ಚುಚ್ಚಬೇಕಾಗಬಹುದು. ನಮ್ಮ ಅತ್ತೆಯಂತೂ ಎರಡನೇ ಸಲ ಒಪ್ಪುತ್ತಿರಲಿಲ್ಲ.