ಸಾಲ ಕಟ್ಟುತ್ತಲೇ ಇದ್ದರೂ ಭಯ ಏಕೆ ಬಿಡುವುದಿಲ್ಲ?

ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪರಿಚಯದವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ: “ಅಣ್ಣ, ಕೈಲಾದಷ್ಟು ಕಟ್ಟುತ್ತಿದ್ದೇನೆ. ಆದರೂ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಏನು ಮಾಡಲಿ?”

ಸಾಲ ಕೊಟ್ಟವರು ನಿಮ್ಮ ಮನೆಗೆ ಬರುವ ಮೊದಲು ನೀವೇ ಅವರ ಬಳಿ ಹೋಗಿ. ಕೈಯಲ್ಲಿ ಹಣವಿಲ್ಲದ ದಿನವೂ ಹೋಗಿ. ನನ್ನ ಉತ್ತರ ಇಷ್ಟೇ.

ನಾನು ನೋಡಿದ ಮಟ್ಟಿಗೆ, ವಾಯಿದೆ ತಪ್ಪಿದ ಮೇಲೆ ಮುಖ ತಪ್ಪಿಸತೊಡಗಿದಾಗಲೇ ಜನ ಕಂಗೆಡುತ್ತಾರೆ. ಮಾತು ನಿಂತರೆ ಕೊಟ್ಟವರಿಗೂ ಸಂಶಯ ಹುಟ್ಟುತ್ತದೆ, ನಾಲ್ಕು ಜನರ ಮುಂದೆ ಕೇಳುತ್ತಾರೆ. ಕೈಗಡ ಕೊಟ್ಟ ಸೋದರಮಾವನ ಮನೆಗೆ ಹೋಗಿ, “ಮಾವ, ಈ ತಿಂಗಳು ಐನೂರೇ ಆಗುವುದು, ಉಳಿದದ್ದು ತೊಗರಿ ಮಾರಿದ ಮೇಲೆ” ಎಂದರೆ ಅವರು ಬೈಯಬಹುದು. ಬೈಯಲಿ. ಹೊರಡುವಾಗ ಇಬ್ಬರ ನಡುವೆ ಒಂದು ತಾರೀಖು ಗೊತ್ತಾಗಿರುತ್ತದೆ. ಅಲ್ಲಿಯವರೆಗೆ ನಿದ್ದೆ ಮಾಡಬಹುದು.

ನಮ್ಮ ಭಾಗದ ಕಷ್ಟವೇ ಬೇರೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಸಂಘದ ಕಂತು ಮಾತ್ರ ವಾರ ವಾರ, ಫೈನಾನ್ಸ್‌ನವರದು ತಿಂಗಳು ತಿಂಗಳು. ಆದ್ದರಿಂದ ತೊಗರಿ ಗಂಜಿಗೆ ಬರುವ ಮೊದಲೇ ಯಾರಿಗೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಹಾಗೆ ಬರೆಯದಿದ್ದರೆ ಹೆಚ್ಚು ಕೂಗಾಡಿದವರಿಗೇ ಹಣ ಹೋಗುತ್ತದೆ, ನಿಜವಾಗಿ ಕೊರೆಯುವ ಸಾಲ ಹಾಗೆಯೇ ಉಳಿಯುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಸಣ್ಣದು. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಬಡ್ಡಿಯೇ ಆಯಿತು, ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಮನೆಯ ಊಟ, ಮಕ್ಕಳ ಶಾಲೆಗೆ ತೆಗೆದಿಟ್ಟ ಮೇಲೆ ಮೊದಲು ತೀರಬೇಕಾದದ್ದು ಅದೇ.

ಸಂಸ್ಥೆಯವರ ಹೆದರಿಕೆ ಇದ್ದರೆ ನಿಯಮ ತಿಳಿದಿರಲಿ. ರಿಸರ್ವ್ ಬ್ಯಾಂಕಿನ ಪ್ರಕಾರ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಕಿರುಸಾಲಕ್ಕಾದರೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಮನೆಯ ಮುಂದೆ ಕೂತು ಅವಮಾನ ಮಾಡುವುದು, ಸಂಬಂಧಿಕರನ್ನು ಪೀಡಿಸುವುದು ಅವರ ಹಕ್ಕಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯಾಗಿ ತಂದು ಆಮೇಲೆ ಕಾಯ್ದೆ ಮಾಡಿದ ಕಾನೂನಿನಂತೆ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ಕಾನೂನು ಸಲಹೆ ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ. ಇದನ್ನೆಲ್ಲ ಹೇಳುವುದು ಸಾಲ ಮುಳುಗಿಸಲಿ ಎಂದಲ್ಲ, ಕಟ್ಟುವವರು ತಲೆ ಎತ್ತಿ ಕಟ್ಟಲಿ ಎಂದು.

ಸಾಲ ತೀರಿಸಲಾಗದ್ದಕ್ಕೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಚೆಕ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಚೆಕ್ ವಾಪಸಾಗಿ ನೋಟಿಸು ಕೈಸೇರಿದ ಮೇಲೆ ಹಣ ಕೊಡಲು ಕಾನೂನು ಕೊಡುವ ಅವಧಿ 15 ದಿನ. ಭಯಪಟ್ಟು ರಿಜಿಸ್ಟರ್ ಅಂಚೆಯನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸುವವರಿದ್ದಾರೆ. ಹಾಗೆ ಮಾಡಬೇಡಿ, ನೋಟಿಸು ಪಡೆದು ಅದೇ ದಿನ ವಕೀಲರಿಗೆ ತೋರಿಸಿ.

ಇನ್ನೊಂದು ಮಾತು ಮನೆಯೊಳಗಿನದು. ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ ಸಾಲ ಮುಚ್ಚಿಡುವ ಮನೆಗಳಲ್ಲೇ ಈ ಭಯ ಅತಿ ಹೆಚ್ಚು. ಇಬ್ಬರೂ ಕೂತು ಎಲ್ಲ ಸಾಲವನ್ನೂ ಒಂದೇ ಹಾಳೆಗೆ ಇಳಿಸಿ. ಮೊತ್ತ ದೊಡ್ಡದೇ ಇರುತ್ತದೆ, ಆದರೆ ಹೊರುವವರು ಇಬ್ಬರಾಗುತ್ತಾರೆ. ಬದುಕುವುದೇ ಬೇಡ ಎನಿಸುವಷ್ಟು ಮನಸ್ಸು ಕುಸಿದಿದ್ದರೆ ಸಾಲದ ಲೆಕ್ಕ ಆಮೇಲೆ ಇರಲಿ, ಮೊದಲು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೈಗಡ ತೀರಿಸುವಾಗಲೂ ಹಣ ಕೊಟ್ಟ ಪ್ರತಿ ಸಲ ಸಹಿ ಮಾಡಿಸಿಕೊಳ್ಳಿ, ಸಾಧ್ಯವಾದರೆ ಫೋನ್‌ಪೇಯಲ್ಲೇ ಕಳಿಸಿ. ಕೊನೆಯ ಕಂತು ಕೊಡುವಾಗ ಖಾಲಿ ಚೆಕ್ಕು, ಬಾಂಡು ಕೈಗೆ ಬಂದ ಹೊರತು ಅಲ್ಲಿಂದ ಏಳಬೇಡಿ.