ಎಂಟು ಲೋಟ ಕಾಫಿ ಮತ್ತು ನಮ್ಮ ಸಿಗ್ಮಾ ಸರ್

ಸೈಕಾಲಜಿಗೆ ಸೇರುವವರಲ್ಲಿ ಮುಕ್ಕಾಲು ಪಾಲು ಜನ ಗಣಿತಕ್ಕೆ ಹೆದರಿ ಓಡಿಬಂದವರು. ನಮ್ಮ ಬ್ಯಾಚಂತೂ ಪೂರ್ತಿ ಹಾಗೇ. ಕನಸು, ಹಿಪ್ನಾಟಿಸಂ, ಮುಖ ನೋಡಿ ಮನಸ್ಸು ಓದೋದು, ಇಂಥದ್ದೇನೋ ಹೇಳಿಕೊಡುತ್ತಾರೆ ಅಂದುಕೊಂಡು ಬಂದಿದ್ದೆವು. ಟೈಮ್ ಟೇಬಲ್ ನೋಡಿದರೆ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ. ಅದೂ ಊಟ ಆದ ಮೇಲಿನ ಪೀರಿಯಡ್. ಹೊಟ್ಟೆ ತುಂಬಾ ಅನ್ನ, ಕಿಟಕಿಯಲ್ಲಿ ಮೈಸೂರಿನ ಬಿಸಿಲು, ಬೋರ್ಡಿನ ಮೇಲೆ ಸ್ಟ್ಯಾಂಡರ್ಡ್ ಡೀವಿಯೇಷನ್.

ಆ ಹೊತ್ತಿನಲ್ಲೂ ನಮ್ಮನ್ನು ಎಚ್ಚರವಾಗಿ ಇಟ್ಟಿದ್ದವರು ಸಿಗ್ಮಾ ಸರ್. 'ಎಲ್ಲಾ ಕೂಡಿಸು' ಅನ್ನೋ ಅರ್ಥದ ಗ್ರೀಕ್ ಅಕ್ಷರ ಸಿಗ್ಮಾವನ್ನು (Σ) ಚಾಕ್ ಎತ್ತದೆ ಒಂದೇ ಎಳೆತಕ್ಕೆ ಬರೆಯುತ್ತಿದ್ದರು. ಅದು ಎಷ್ಟು ದೊಡ್ಡದಾಗುತ್ತಿತ್ತು ಅಂದರೆ ಉಳಿದ ಸೂತ್ರವನ್ನೆಲ್ಲ ಬೋರ್ಡಿನ ಮೂಲೆಗೆ ತುರುಕಬೇಕಿತ್ತು. ಅವರ ನಿಜವಾದ ಹೆಸರು ಹಳಬರಿಗೆಲ್ಲ ಗೊತ್ತೇ ಇದೆ. ಇಲ್ಲಿ ಬರೆದರೆ ಅವರೇ ಬೈಯುತ್ತಿದ್ದರು. "ರಿಪೋರ್ಟಿನಲ್ಲಿ ಸಬ್ಜೆಕ್ಟಿನ ಹೆಸರು ಹಾಕಬಾರದು ಕಣಯ್ಯಾ" ಅನ್ನೋದು ನಮಗೆ ಅವರು ಮಾಡಿದ ಮೊದಲ ಪಾಠ. ಸಬ್ಜೆಕ್ಟ್ ಅಂದರೆ ಪ್ರಯೋಗಕ್ಕೆ ಕೂತವರು.

ಈ ವರ್ಷ ಯುಗಾದಿಗೆ ಮೊದಲು ಅವರು ತೀರಿಕೊಂಡರು. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ಆಮೇಲೆ ಯಾರೋ "ಎಂಟು ಲೋಟ" ಅಂತ ಎರಡೇ ಪದ ಟೈಪ್ ಮಾಡಿದರು ನೋಡಿ, ರಾತ್ರಿಯೆಲ್ಲಾ ಮಾತು ನಿಲ್ಲಲಿಲ್ಲ. ಮ್ಯಾಗಜಿನ್‌ಗೆ ಬರೆಯುವ ಕೆಲಸ ನನಗೆ ಬಿತ್ತು. ಬ್ಯಾಚಿನಲ್ಲಿ ನಾನು ಸ್ವಲ್ಪ ಚೆನ್ನಾಗಿ ಬರೆಯುತ್ತೇನೆ ಅನ್ನೋದು ಎಲ್ಲರೂ ಒಪ್ಪಿರುವ ವಿಷಯ.

ಸಿಲಬಸ್ ಏನಿತ್ತು ಅಂತ ಕೇಳಬೇಡಿ, ಹೆಚ್ಚು ಕಡಿಮೆ ಎಲ್ಲಾ ಮರೆತಿದೆ. ಮರೆಯದೆ ಉಳಿದಿರೋದು ಸರ್ ಹೇಳುತ್ತಿದ್ದ ಕಥೆಗಳು. ಎರಡು ಗುಂಪಿನ ಸರಾಸರಿಯ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡೋ ಟಿ-ಟೆಸ್ಟ್ ಕಂಡುಹಿಡಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು ಅಂದಾಗ ಹಿಂದಿನ ಬೆಂಚು ನೆಟ್ಟಗೆ ಎದ್ದು ಕೂತಿತು. ಸ್ವಂತ ಹೆಸರಿನಲ್ಲಿ ಬರೆಯೋಕೆ ಕಂಪನಿ ಬಿಡಲಿಲ್ಲ, ಅದಕ್ಕೆ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಲ್ಲಿ ಪ್ರಕಟಿಸಿದ. "ನಾವೂ ಸ್ಟೂಡೆಂಟೇ ಸಾರ್, ನಮಗೂ ಮಾರ್ಕ್ಸ್ ಕೊಡಿ" ಅಂತ ಹಿಂದಿನಿಂದ ಕೂಗು. ರ‍್ಯಾಂಕ್ ಕೋರಿಲೇಷನ್, ಅಂದರೆ ಎರಡು ಪಟ್ಟಿಯ ಸ್ಥಾನಗಳು ಎಷ್ಟು ಹೊಂದುತ್ತವೆ ಅಂತ ನೋಡೋ ಸ್ಪಿಯರ್‌ಮನ್ನರ ಲೆಕ್ಕ, ಆ ಪಾಠ ಬಂದಾಗ ಸರ್ ಎದೆ ಇನ್ನೂ ಸ್ವಲ್ಪ ಉಬ್ಬುತ್ತಿತ್ತು. "ಸ್ಪಿಯರ್‌ಮನ್ ಅಂದ್ರೆ ಯಾರೋ ದೂರದವರಲ್ಲ ಕಣ್ರಯ್ಯಾ. ನಮ್ಮ ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿಗೆ ಹೋಗಿ ಅವರ ಹತ್ರಾನೇ ಕಲಿತು ಬಂದ್ರು." ಅದೇ ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಶುರುಮಾಡಿ 'ಆಕಾಶವಾಣಿ' ಅಂತ ಕರೆದವರು ಅನ್ನೋದನ್ನೂ ಸೇರಿಸುತ್ತಿದ್ದರು. ಅಷ್ಟು ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಸೂತ್ರವನ್ನು ನಾವೇ ಪುಸ್ತಕ ನೋಡಿ ಬರೆದುಕೊಳ್ಳಬೇಕಿತ್ತು.

ಲ್ಯಾಬಿನ ಮೇಡಂ ಬೇರೆ ಥರ. ಅವರು ಕಥೆ ಹೇಳುತ್ತಿರಲಿಲ್ಲ. ಮ್ಯುಲರ್-ಲೈಯರ್ ಹಲಗೆ ಕೊಟ್ಟು ಎರಡೂ ಗೆರೆ ಸಮ ಮಾಡು ಅನ್ನುತ್ತಿದ್ದರು. ಒಂದು ಗೆರೆಯ ತುದಿಗೆ ರೆಕ್ಕೆ ಒಳಮುಖ, ಇನ್ನೊಂದಕ್ಕೆ ಹೊರಮುಖ. ಹೊರಮುಖದ್ದು ಕಣ್ಣಿಗೆ ಉದ್ದ ಕಾಣುತ್ತೆ ಅಂತ ಓದಿಕೊಂಡು ಬಂದವರು ಬೇಕಂತಲೇ ಇನ್ನಷ್ಟು ಎಳೆದು ಜಾಣತನ ತೋರಿಸುತ್ತಿದ್ದರು. "ಗೊತ್ತಿದ್ದೂ ಕಣ್ಣು ಮೋಸ ಹೋಗುತ್ತಲ್ಲ, ಅದನ್ನ ನೋಡೋದೇ ಪ್ರಯೋಗ. ನಿನ್ನ ಬುದ್ಧಿ ಆಚೆ ಇಟ್ಟು ಬಾ" ಅಂತ ರೆಕಾರ್ಡ್ ಬುಕ್ ಎಸೆಯುತ್ತಿದ್ದರು. ನಿಜವಾಗಿಯೂ ಎಸೆಯುತ್ತಿದ್ದರು.

ಈಗ ಎಂಟು ಲೋಟದ ವಿಷಯ. ದಿನಾ ಮಂಡ್ಯದಿಂದ ಪುಷ್‌ಪುಲ್ ರೈಲಿನಲ್ಲಿ ಬರುತ್ತಿದ್ದ ಗೌಡ ನಮ್ಮ ಗುಂಪಿನಲ್ಲಿದ್ದ. ಅವನ ಮನೆಯವರದು ಸಣ್ಣ ಹೋಟೆಲ್ಲು. ಲೋಟಕ್ಕೆ ಹಾಲು ಮೊದಲು ಹಾಕಿದ್ದೋ ಡಿಕಾಕ್ಷನ್ ಮೊದಲು ಹಾಕಿದ್ದೋ ಒಂದು ಗುಟುಕು ಕುಡಿದು ಹೇಳಿಬಿಡ್ತೀನಿ ಅಂತ ಕ್ಯಾಂಟೀನಿನಲ್ಲಿ ಬಡಾಯಿ ಬಿಟ್ಟ. ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ಸಿಗ್ಮಾ ಸರ್ ಕಿವಿ ನಿಮಿರಿತು. "ನಾಳೆ ನೋಡೇ ಬಿಡೋಣ ಗೌಡ. ಎಂಟು ಲೋಟ. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಡಿಕಾಕ್ಷನ್ ಮೊದಲು. ಯಾವ ನಾಲ್ಕು ಅಂತ ಆರಿಸಿ ಹೇಳು."

ಮಾರನೇ ದಿನ ಕ್ಯಾಂಟೀನಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಗೌಡನ ಕಣ್ಣಿಗೆ ಟವೆಲ್ ಕಟ್ಟಿದರು. ಕ್ಯಾಂಟೀನ್ ಹುಡುಗ ಒಂದೊಂದೇ ಸ್ಟೀಲ್ ಲೋಟ ತಂದಿಟ್ಟ. ಗೌಡ ಮೂಸಿದ, ಬಾಯಲ್ಲಿ ಹೊರಳಿಸಿದ, ಚಪ್ಪರಿಸಿದ. ಎಂಟಕ್ಕೆ ಎಂಟೂ ಸರಿ! ಸರ್ ಅಲ್ಲೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ಎಂಟರಲ್ಲಿ ನಾಲ್ಕನ್ನು ಆರಿಸೋಕೆ 70 ದಾರಿ. ಸುಮ್ನೆ ಕಣ್ಮುಚ್ಚಿ ಹೇಳಿ ಎಲ್ಲಾ ಸರಿಯಾಗೋದು 70ಕ್ಕೆ ಒಂದು ಸಲ. "ನೂರಕ್ಕೆ ಒಂದೂವರೇನೂ ಇಲ್ಲ. ನಮ್ಮ ಗೆರೆ ಇರೋದು ನೂರಕ್ಕೆ ಐದರಲ್ಲಿ, ಅದಕ್ಕಿಂತ ಕಡಿಮೆ ಇದ್ರೆ ಆಕಸ್ಮಿಕ ಅಲ್ಲ ಅಂತ ಒಪ್ಪೋದು. ಆದ್ದರಿಂದ ಇದು ಸುಮ್ನೆ ಆಗಿದ್ದಲ್ಲ, ಭೇಷ್!" ಗೌಡನನ್ನು ಹೆಗಲ ಮೇಲೆ ಹೊತ್ತುಕೊಂಡು ಕಾರಿಡಾರಿನಲ್ಲಿ ಮೆರವಣಿಗೆಯೇ ಆಯಿತು.

ಒಳಗಿನ ಗುಟ್ಟು ನಮ್ಮ ನಾಲ್ಕೈದು ಜನಕ್ಕೆ ಮಾತ್ರ ಗೊತ್ತಿತ್ತು. ಒಂದು ಮಸಾಲೆ ದೋಸೆಗೆ ಹುಡುಗ ಒಪ್ಪಿದ್ದ. ಹಾಲು ಮೊದಲು ಹಾಕಿದ ಲೋಟವನ್ನು ಟಕ್ ಅಂತ ಇಡೋದು, ಇನ್ನೊಂದನ್ನು ಸದ್ದಿಲ್ಲದೆ ಇಡೋದು.

ಮರುದಿನ ನೋಡಿದರೆ ಲ್ಯಾಬಿನ ಮೇಜಿನ ಮೇಲೆ ಮತ್ತೆ ಎಂಟು ಲೋಟ. ಕೆಟಲ್‌ನಲ್ಲಿ ಹಾಲು, ಫ್ಲಾಸ್ಕಿನಲ್ಲಿ ಡಿಕಾಕ್ಷನ್. ಹುಡುಗ ಇಲ್ಲ. ಪರದೆ ಹಿಂದೆ ಕಾಫಿ ಬೆರೆಸಿ ನಂಬರ್ ಹಾಕಿದವರು ಮೇಡಂ. ಯಾವುದು ಯಾವಾಗ ಅನ್ನೋದು ಚೀಟಿ ಎತ್ತಿ. ಗೌಡನ ಮುಂದೆ ಲೋಟ ಇಟ್ಟ ಸರ್‌ಗೂ ಯಾವುದು ಏನು ಅಂತ ಗೊತ್ತಿರಲಿಲ್ಲ. ಗೌಡ ಹೇಳಿದ್ದರಲ್ಲಿ ಸರಿಯಾದದ್ದು ನಾಲ್ಕು, ತಪ್ಪಾದದ್ದು ನಾಲ್ಕು. "ಇದು 70ರಲ್ಲಿ 36 ಸಲ ಸುಮ್ನೆ ಆಗುತ್ತೆ" ಅಂತ ಸರ್ ಬೋರ್ಡಿನಲ್ಲಿ ಬರೆದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆವು. ಅವರು ಕೈಯ ಚಾಕ್ ಪುಡಿ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಎರಡು ದಿನದ ಲೆಕ್ಕಾನೂ ಸರಿ ಇದೆ. ನಿನ್ನೆ ನಾನು ಗೌಡನ ನಾಲಿಗೆ ಅಳೀತಿದ್ದೀನಿ ಅಂದ್ಕೊಂಡಿದ್ದೆ. ಅಳೆದದ್ದು ಕಿವಿ."

ಆಮೇಲೆ ಇಂಗ್ಲೆಂಡಿನ ಕಥೆ ಹೇಳಿದರು. ಫಿಷರ್ ಅನ್ನೋ ಸಂಖ್ಯಾಶಾಸ್ತ್ರಜ್ಞನ ಮುಂದೆ ಮ್ಯೂರಿಯಲ್ ಬ್ರಿಸ್ಟಲ್ ಅನ್ನೋ ವಿಜ್ಞಾನಿ ಟೀ ಬಗ್ಗೆ ಇದೇ ಮಾತು ಹೇಳಿದ್ದಳಂತೆ. ಅಲ್ಲೂ ಎಂಟು ಕಪ್ಪು. ಅಲ್ಲಿ ದೋಸೆ ಇರಲಿಲ್ಲ ಅಷ್ಟೇ.

'ಅಳೆದದ್ದು ಕಿವಿ' ಅನ್ನೋ ಸರ್‌ರ ಆ ಒಂದು ಮಾತಿನಲ್ಲೇ ನಾನು ಇಷ್ಟು ವರ್ಷ ಅನ್ನ ಉಣ್ಣುತ್ತಿದ್ದೇನೆ. ಬೆಂಗಳೂರಿನಲ್ಲಿ ಸರ್ವೆ ಕೆಲಸ ನನ್ನದು. ನಾನು ಕಣ್ಣಾಡಿಸದೆ ನಮ್ಮ ಆಫೀಸಿನಿಂದ ಒಂದು ಪ್ರಶ್ನಾವಳಿಯೂ ಆಚೆ ಹೋಗಲ್ಲ. ಹೊಗಳಿಕೊಳ್ಳುತ್ತಿಲ್ಲ, ಇರೋದನ್ನು ಹೇಳಿದೆ. ಒಂದು ಅಂಗಡಿಯವರು ಗ್ರಾಹಕರ ತೃಪ್ತಿಯ ಅಂಕಿ ತಂದಿದ್ದರು, ಎಲ್ಲರೂ ಐದಕ್ಕೆ ಐದು. ಫಾರಂ ತುಂಬುವಾಗ ಸೇಲ್ಸ್ ಹುಡುಗಿ ಪಕ್ಕದಲ್ಲೇ ನಿಂತಿದ್ದಳಾ ಅಂತ ಕೇಳಿದೆ. ಹೌದಂತೆ. "ಹಾಗಾದ್ರೆ ನೀವು ಅಳೆದದ್ದು ತೃಪ್ತಿ ಅಲ್ಲ, ದಾಕ್ಷಿಣ್ಯ" ಅಂದೆ. ಮೀಟಿಂಗ್ ಅಲ್ಲಿಗೇ ಮುಗಿಯಿತು.

ಈಗಿನ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಆದರೂ ಒಂದು ಮಾತು. ಕೆಲವರು ಪ್ರಾಜೆಕ್ಟ್ ತೋರಿಸೋಕೆ ನನ್ನ ಹತ್ತಿರ ಬರುತ್ತಾರೆ. ಗೂಗಲ್ ಫಾರಂ ಮಾಡಿ ತಮ್ಮದೇ ವಾಟ್ಸಾಪ್ ಗುಂಪುಗಳಿಗೆ ತಳ್ಳಿರುತ್ತಾರೆ, ಅದನ್ನೇ 'ಮೈಸೂರಿನ ಯುವಜನರ ಒತ್ತಡ' ಅಂತ ಕರೆದಿರುತ್ತಾರೆ. ಸಾಫ್ಟ್‌ವೇರ್ ಬಟನ್ ಒತ್ತಿದರೆ ಉತ್ತರ ಬರುತ್ತೆ, ದಶಮಾಂಶದ ಮೂರನೇ ಸ್ಥಾನದವರೆಗೂ. ಯಾರ ಒತ್ತಡ, ಫಾರಂ ತುಂಬುವಷ್ಟು ಪುರುಸೊತ್ತು ಇದ್ದವರದ್ದಾ ಅಂದರೆ ಮುಖ ಮುಖ ನೋಡುತ್ತಾರೆ. ನಾವು ವರ್ಗಮೂಲವನ್ನು ಕೈಯಲ್ಲೇ ತೆಗೆಯುತ್ತಿದ್ದೆವು. ಅದರಿಂದ ಬುದ್ಧಿ ಬೆಳೆಯಿತು ಅಂತ ನಾನೇನೂ ಹೇಳಲ್ಲ, ಬೆರಳು ನೋವು ಬಂತು ಅಷ್ಟೇ. ಆದರೆ ಒಂದೊಂದು ಅಂಕಿಯನ್ನೂ ಬರೆಯುವಾಗ ಅದು ಎಲ್ಲಿಂದ ಬಂತು ಅನ್ನೋದು ಕಣ್ಣಮುಂದೆ ಇರುತ್ತಿತ್ತು.

2015ರಲ್ಲಿ ಸೈಕಾಲಜಿಯ 100 ಪ್ರಯೋಗಗಳನ್ನು ಬೇರೆ ಬೇರೆ ಕಡೆಯ ಸಂಶೋಧಕರು ಸೇರಿ ಮತ್ತೆ ಮಾಡಿ ನೋಡಿದ ಸುದ್ದಿ ಬಂತು. ಮೊದಲ ಸಲ ಹೆಚ್ಚು ಕಡಿಮೆ ಎಲ್ಲದರಲ್ಲೂ ಫಲ ಸಿಕ್ಕಿತ್ತು. ಎರಡನೇ ಸಲ ಸಿಕ್ಕಿದ್ದು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಜೋರಾಗಿ ನಕ್ಕರು. "ಎಲ್ಲಾ ಕಡೆ ಗೌಡಂದಿರು ಇದ್ದಾರೆ ಅನ್ನು! ಪಾಪ, ಎಷ್ಟೋ ಜನಕ್ಕೆ ಟಕ್ ಅಂದದ್ದು ಕೇಳಿಸಿತ್ತು ಅಂತ ತಮಗೇ ಗೊತ್ತಿರಲ್ಲ."

ಗೌಡ ಈಗ ಮಂಡ್ಯದಲ್ಲಿ ಮನೆಯ ಹೋಟೆಲ್ಲನ್ನೇ ದೊಡ್ಡದು ಮಾಡಿದ್ದಾನೆ. ಅವತ್ತು ನೆಗಡಿ ಇತ್ತು, ಇಲ್ಲದಿದ್ದರೆ ಎಂಟೂ ಹೇಳ್ತಿದ್ದೆ ಅಂತ ಈಗಲೂ ವಾದ ಮಾಡುತ್ತಾನೆ. ಡಿಸೆಂಬರಿನಲ್ಲಿ ಬ್ಯಾಚು ಕಾಲೇಜಿನಲ್ಲಿ ಸೇರುತ್ತಿದೆ, ಆವತ್ತು ಮತ್ತೆ ಎಂಟು ಲೋಟ ಇಡೋದು ಅಂತ ತೀರ್ಮಾನವಾಗಿದೆ. ಕಾಫಿ ಬೆರೆಸೋಕೆ ಈಗಿನ ವಿದ್ಯಾರ್ಥಿಗಳು ಇಬ್ಬರು ಬೇಕು. ಗೌಡನ ಪರಿಚಯ ಇರಬಾರದು, ದೋಸೆಗೆ ಒಪ್ಪುವವರಾಗಿರಬಾರದು. ಹೆಸರನ್ನು ವಿಭಾಗದ ಆಫೀಸಿನಲ್ಲಿ ಕೊಡಿ.